ಒಂದೇ ಚೀಲದ ರಾಗಿ, ಎರಡು ಹೊಲ



ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. ಕ್ಷೇಮಸಮಾಚಾರ ಮುಗಿದ ಮೇಲೂ ಏನನ್ನೋ ಹೇಳಲಾರದೆ, ಹೇಳದೆ ಇರಲೂ ಆರದೆ ತಡವರಿಸುತ್ತಿದ್ದ. ಕೊನೆಗೆ ವಿಷಯಕ್ಕೆ ಬಂದ. ಆರು ವರ್ಷದ ಅವನ ಮಗನಿಗೆ ಬೆಂಗಳೂರಿನಲ್ಲಿ ಬುದ್ಧಿಶಕ್ತಿ ಪರೀಕ್ಷೆ ಮಾಡಿಸಿದ್ದಾರೆ. ಬುದ್ಧಿಲಬ್ಧ 92 ಎಂದು ಬಂದಿದೆ. "ಸಾರ್, ನಾನು ಬಿ ಸೆಕ್ಷನ್ನಿನವನಲ್ಲವೆ? ನನ್ನಿಂದಲೇ ಬಂದಿರಬಹುದೆ? ನಮ್ಮ ಜನಕ್ಕೆ ಇಷ್ಟೇ ಏನೋ" ಎಂದ.

ಆ 'ಬಿ' ವಿಭಾಗವನ್ನು ಮಾಡಿದವನು ನಾನೇ. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಮಕ್ಕಳು ಹೆಚ್ಚಾಗಿ ಸೇರಿದ ವರ್ಷ, ಏಳನೆಯ ತರಗತಿಯ ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ನಡುವೆ ಒಂದು ಗೆರೆ ಎಳೆದು, ಮೇಲಿನವರು 'ಎ', ಕೆಳಗಿನವರು 'ಬಿ' ಎಂದು ವಿಂಗಡಿಸಿದೆ. ಪಾಠ ಮಾಡಲು ಅನುಕೂಲವೆಂಬುದು ನನ್ನ ವಾದವಾಗಿತ್ತು. ತಿಂಗಳೊಳಗಾಗಿ ಮಕ್ಕಳು ಆ ಕೊಠಡಿಗೆ 'ದಡ್ಡರ ರೂಮು' ಎಂದು ಹೆಸರಿಟ್ಟರು. ಗೆರೆಯ ಕೆಳಗೆ ಬಿದ್ದವರು ಯಾರ ಮನೆಯ ಮಕ್ಕಳೆಂದು ನಾನು ಅಂದು ನೋಡಲಿಲ್ಲ. ನೋಡಿದ್ದರೆ, ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗದ ಅಂಕಣವೂ ಜಾತಿಯ ಅಂಕಣವೂ ಸೇರಿ ಆ ಗೆರೆಯನ್ನು ನನಗಿಂತ ಮೊದಲೇ ಹೆಚ್ಚುಕಡಿಮೆ ಎಳೆದಿಟ್ಟಿದ್ದವೆಂಬುದು ತಿಳಿಯುತ್ತಿತ್ತು.

ದೂರವಾಣಿಯಲ್ಲಿ ನಾನು ಹೇಳಬಹುದಾದುದನ್ನು ಹೇಳಿದೆ. ಈ ಪರೀಕ್ಷೆಗಳ ಸರಾಸರಿ 100. ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಭಾಗದವರು 85ರಿಂದ 115ರ ನಡುವೆ ಇರುತ್ತಾರೆ. 92 ಎಂಬುದು ತೀರ ಸಾಮಾನ್ಯ ಸಂಖ್ಯೆ. ಆರು ವರ್ಷದ ಮಗು ಇನ್ನೊಂದು ದಿನ, ಇನ್ನೊಬ್ಬರ ಮುಂದೆ ಕುಳಿತರೆ ಅದು ಕೆಲವು ಅಂಕಗಳಷ್ಟು ಏರಬಹುದು, ಇಳಿಯಬಹುದು. ಅವನಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ 'ನಮ್ಮ ಜನಕ್ಕೆ ಇಷ್ಟೇ ಏನೋ' ಎಂಬ ಮಾತಿಗೆ ನಾನು ಅಂದು ಸರಿಯಾದ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನಿಗಲ್ಲದೆ, ಆ ಗೆರೆಯ ಎರಡೂ ಕಡೆ ಇದ್ದ ನಿಮಗೆಲ್ಲರಿಗೂ ಇದು ಸೇರಬೇಕಾದ ಮಾತು.

ಈ ಪ್ರಶ್ನೆ ನಮ್ಮ ನೆಲದಲ್ಲಿ ಹೊಸದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳೆಲ್ಲ 1939ರಲ್ಲಿ ಮಂಡ್ಯ ಜಿಲ್ಲೆಯಾಗುವ ಮೊದಲು ಮೈಸೂರು ಜಿಲ್ಲೆಗೆ ಸೇರಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ನೀಡುವ ಶಾಸನ ಮೈಸೂರಿನಲ್ಲಿ ಬಂದಿತು. ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಕೂಡದೆಂಬ ಆದೇಶ 1915ರಲ್ಲಿ ಹೊರಬಿದ್ದಿತು. ಅಸ್ಪೃಶ್ಯರೆನಿಸಿದ್ದವರ ಮಕ್ಕಳು ಒಳಗೆ ಬಂದರೆಂದು ಕೆಲವೆಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ್ದೂ ಉಂಟು. ಎಂದರೆ, ನನ್ನ 'ಬಿ' ವಿಭಾಗದ ಎಷ್ಟೋ ಮಕ್ಕಳ ಮುತ್ತಜ್ಜಂದಿರಿಗೆ ಶಾಲೆಯ ಬಾಗಿಲು ಕಾನೂನಿನ ಪ್ರಕಾರ ತೆರೆದದ್ದೇ ಆಗ. ಗೆರೆಯ ಮೇಲಿನ ಕೆಲವು ಮನೆಗಳಲ್ಲಿ ಓದುಬರಹ ಅದಕ್ಕೂ ಎಷ್ಟೋ ತಲೆಮಾರುಗಳ ಹಿಂದಿನಿಂದ ಇತ್ತು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಗಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂದು ಕೇಳಿತು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗವೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಅರ್ಹತೆಯ ಮಟ್ಟ ಇಳಿಯಬಾರದು, ಶಿಕ್ಷಣ ಹರಡಿದರೆ ಎಲ್ಲರೂ ತಾವಾಗಿಯೇ ಮೇಲೆ ಬರುತ್ತಾರೆ ಎಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿರ್ಗಮಿಸಿದರು. ಮಂಡ್ಯದ ಮನೆಮನೆಯಲ್ಲಿ ಅವರ ಭಾವಚಿತ್ರವಿದೆ, ಅದು ನ್ಯಾಯವೂ ಹೌದು. ಈ ಪ್ರಸಂಗದಲ್ಲಿ ನಾನು ಗಮನಿಸಬಯಸುವುದು ಒಂದೇ ಸಂಗತಿ. ದಿವಾನರ ವಾದಕ್ಕೂ ಮಂಡಳಿಯವರ ವಾದಕ್ಕೂ ಅಡಿಪಾಯ ಒಂದೇ ಆಗಿತ್ತು: ಅಂತರ ಬಂದಿರುವುದು ಶಿಕ್ಷಣದ ಅವಕಾಶದಿಂದ. ಅವರ ನಡುವಿನ ಜಗಳ, ಕಾಯಬೇಕಾದವರು ಯಾರು, ಎಷ್ಟು ಕಾಲ ಎಂಬುದರ ಬಗ್ಗೆ. 'ನಮ್ಮ ಜನಕ್ಕೆ ಇಷ್ಟೇ' ಎಂಬ ಮಾತು ನೂರು ವರ್ಷಗಳ ಹಿಂದಿನ ಆ ಚರ್ಚೆಯ ತಳಹದಿಯಾಗಿರಲಿಲ್ಲ. ಅದನ್ನು ನಾವು ಮೇಷ್ಟ್ರುಗಳು ತರಗತಿಯ ಕೋಣೆಯಲ್ಲಿ, ಅರಿವಿಲ್ಲದೆ, ಕಲಿಸಿದೆವು.

ಮುಂದೆ ಅಂತರವನ್ನು ಅಳೆಯುವ ಕಾಲ ಬಂದಿತು. ನಾಗನಗೌಡ ಸಮಿತಿ 1961ರ ತನ್ನ ವರದಿಯಲ್ಲಿ, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಜಾತಿವಾರು ಲೆಕ್ಕ ಹಾಕಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9. ಇದನ್ನು ಆಧರಿಸಿದ 1962ರ ಸರ್ಕಾರಿ ಆದೇಶದಂತೆ ವೃತ್ತಿಶಿಕ್ಷಣದ ಸೀಟುಗಳಲ್ಲಿ ಮೀಸಲು ಶೇಕಡಾ 68 ಆಯಿತು. ಅದೇ ವರ್ಷ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು; ಸಾವಿರಕ್ಕೆ 7.1 ಇರುವ ಸಮುದಾಯವನ್ನೂ ಹಿಂದುಳಿದದ್ದೆಂದು ಸೇರಿಸಿದ್ದನ್ನು ನ್ಯಾಯಾಲಯ ಎತ್ತಿ ತೋರಿಸಿತು. ಮೀಸಲಾತಿಯ ಸರಿ ತಪ್ಪು ಇಲ್ಲಿ ನನ್ನ ವಿಷಯವಲ್ಲ. ನಾನು ನೋಡುತ್ತಿರುವುದು ಆ 6.9 ಎಂಬ ಸಂಖ್ಯೆಯನ್ನು. ಅಂದು ಸಾವಿರ ಜನರಲ್ಲಿ ಏಳು ಮಂದಿ ಕೂಡ ಮೇಲಿನ ತರಗತಿಗಳಲ್ಲಿರಲಿಲ್ಲ! ಹಾಗಿದ್ದ ನಾಡಿನಲ್ಲಿ, ಆ ತಲೆಮಾರಿನವರ ಮೊಮ್ಮಕ್ಕಳ ಅಂಕಪಟ್ಟಿಯಲ್ಲಿ ಗೆರೆ ಎಳೆದು 'ಇದು ಬುದ್ಧಿ' ಎಂದುಕೊಳ್ಳುವುದು ಎಂತಹ ಆತುರ!

ಇನ್ನು ಬುದ್ಧಿಯನ್ನು ಅಳೆಯುವ ಸಾಧನದ ಕಥೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸೈಮನ್ ಮೊದಲ ಬುದ್ಧಿಪರೀಕ್ಷೆಯನ್ನು ರೂಪಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ಒದಗಿಸುವುದು ಅದರ ಉದ್ದೇಶ. ಬುದ್ಧಿಯೆಂಬುದು ಹೆಚ್ಚಿಸಲಾಗದ, ಒಮ್ಮೆಗೇ ಅಳೆದುಕೊಟ್ಟ ಪ್ರಮಾಣವೆಂಬ ಮಾತನ್ನು ಬಿನೆ 1909ರಲ್ಲಿಯೇ ಬಲವಾಗಿ ವಿರೋಧಿಸಿದ್ದರು. ಅವರ ಕಾಲಾನಂತರ ಸಾಧನ ಉಳಿಯಿತು, ಎಚ್ಚರಿಕೆ ಹಿಂದೆ ಬಿತ್ತು. ನಮ್ಮಲ್ಲಿಗೆ ಈ ಶಾಸ್ತ್ರ ಬಂದದ್ದೂ ತಡವಾಗಿಯೇನಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ಬಾನುಲಿಯನ್ನು ಆರಂಭಿಸಿದವರೂ ಅವರೇ. ಅತ್ತ ಬೊಂಬಾಯಿ ಕರ್ನಾಟಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿ 1940ರಲ್ಲಿ ಅದರ ಗ್ರಂಥವನ್ನು ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ಪ್ರಸಿದ್ಧವಾಯಿತು. ಪರದೇಶದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಲಾಗದು ಎಂಬ ತಿಳಿವಳಿಕೆ ಆ ಹಿರಿಯರಿಗೆ ಇತ್ತು.

ನನಗೆ ಮಾತ್ರ ಆ ತಿಳಿವಳಿಕೆ ಬರಲು ಒಬ್ಬ ಹುಡುಗ ಬೇಕಾಯಿತು. ಬಿ.ಎಡ್. ಓದುವಾಗ ಅಭ್ಯಾಸ ಪಾಠದ ಅಂಗವಾಗಿ ನಾವೇ ಪ್ರಶ್ನೆಗಳನ್ನು ತಯಾರಿಸಿ ಮಕ್ಕಳ ಮೇಲೆ ಪ್ರಯೋಗಿಸಬೇಕಿತ್ತು. ಪಾಂಡವಪುರ ಕಡೆಯ ಹಳ್ಳಿಯೊಂದರಲ್ಲಿ ನಾನು ಕೇಳಿದ ಪ್ರಶ್ನೆ ಇದು: ಮಚ್ಚು, ಕುಡುಗೋಲು, ಗುದ್ದಲಿ, ಕಬ್ಬು, ಇವುಗಳಲ್ಲಿ ಗುಂಪಿಗೆ ಸೇರದುದು ಯಾವುದು? ಹುಡುಗ ಹೇಳಿದ, "ಕುಡುಗೋಲು ಸಾರ್." ಏಕೆಂದು ಕೇಳಿದೆ. "ಕಬ್ಬಿಗೆ ಮಣ್ಣು ಏರಿಸೋಕೆ ಗುದ್ದಲಿ ಬೇಕು, ಕಡಿಯೋಕೆ ಮಚ್ಚು ಬೇಕು. ಕುಡುಗೋಲಿಗೆ ಅಲ್ಲೇನು ಕೆಲಸ?" ನಾನು ಸೊನ್ನೆ ಹಾಕಿದೆ. ನನ್ನ ಉತ್ತರಸೂಚಿಯಲ್ಲಿ ಇದ್ದದ್ದು 'ಕಬ್ಬು'. ಮುಂದೆ ಬಹಳ ವರ್ಷಗಳ ಮೇಲೆ, ರಷ್ಯದ ಮನೋವಿಜ್ಞಾನಿ ಲೂರಿಯ 1931–32ರಲ್ಲಿ ಉಜ್ಬೇಕಿಸ್ತಾನದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಗಳ ಚಿತ್ರ ತೋರಿಸಿ ಇಂಥದೇ ಪ್ರಶ್ನೆ ಕೇಳಿದ್ದನ್ನು ಓದಿದೆ. ಓದುಬರಹವಿಲ್ಲದ ರೈತರು ದಿಮ್ಮಿಯನ್ನು ಬಿಡಲು ಒಪ್ಪಲೇ ಇಲ್ಲ. ದಿಮ್ಮಿಯಿಲ್ಲದೆ ಗರಗಸಕ್ಕೆ ಏನು ಕೆಲಸ? ಕೆಲವೇ ಕಾಲ ಶಾಲೆಗೆ ಹೋಗಿ ಬಂದವರು ಮಾತ್ರ 'ಆಯುಧಗಳು' ಎಂದು ಬೇರೆಮಾಡಿದರು. ವಸ್ತುಗಳನ್ನು ಅವುಗಳ ಕೆಲಸದಿಂದ ಬಿಡಿಸಿ, ಬರಿಯ ಹೆಸರಿನ ಪೆಟ್ಟಿಗೆಗಳಲ್ಲಿ ಇಡುವುದು ಶಾಲೆ ಕಲಿಸುವ ಒಂದು ಅಭ್ಯಾಸ. ಉಪಯುಕ್ತ ಅಭ್ಯಾಸವೇ, ಅನುಮಾನವಿಲ್ಲ. ಆದರೆ ಅದನ್ನು ಮನೆಯಲ್ಲಿಯೇ ಕಲಿತು ಬಂದ ಮಗುವಿಗೆ ನಾವು 'ಬುದ್ಧಿವಂತ' ಎಂದೆವು, ಕಲಿಯದೆ ಬಂದ ಮಗುವಿಗೆ 'ದಡ್ಡ' ಎಂದೆವು.

ಹಾಗಾದರೆ ಅನುವಂಶೀಯತೆ ಎಂಬುದು ಇಲ್ಲವೇ? ಇದೆ. ಅವಳಿ ಮಕ್ಕಳ ಅಧ್ಯಯನಗಳು ಅದನ್ನು ತೋರಿಸಿವೆ. ಒಂದೇ ಬಗೆಯ ಅನುಕೂಲದಲ್ಲಿ ಬೆಳೆದವರಲ್ಲಿ ಒಬ್ಬನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸದಲ್ಲಿ ಹುಟ್ಟಿನ ಪಾಲೂ ಇದೆ. ಆದರೆ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಇರುವ ಅಂತರದ ಪ್ರಶ್ನೆ ಬೇರೆಯೇ. ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಇದನ್ನು ಬೀಜದ ಉದಾಹರಣೆಯಿಂದ ವಿವರಿಸಿದರು. ಅದನ್ನು ನಮ್ಮ ಸೀಮೆಗೆ ತಂದುಕೊಂಡು ಹೇಳುತ್ತೇನೆ. ಒಂದೇ ಚೀಲದಿಂದ ಎರಡು ಹಿಡಿ ಬಿತ್ತನೆ ರಾಗಿ ತೆಗೆಯಿರಿ. ಒಂದನ್ನು ಶ್ರೀರಂಗಪಟ್ಟಣದ ನಾಲೆಯ ಬದಿಯ ಗದ್ದೆಯಲ್ಲಿ, ಗೊಬ್ಬರ ಹಾಕಿ, ಬಿತ್ತಿ. ಇನ್ನೊಂದನ್ನು ನಾಗಮಂಗಲದ ಕಲ್ಲುಹೊಲದಲ್ಲಿ, ಮಳೆಯನ್ನೇ ನಂಬಿ, ಬಿತ್ತಿ. ಒಂದೊಂದು ಹೊಲದೊಳಗೆ ಒಂದು ಪೈರು ಎತ್ತರ, ಇನ್ನೊಂದು ಗಿಡ್ಡ ಇರುವುದಕ್ಕೆ ಬೀಜದ ಗುಣವೇ ಬಹುಪಾಲು ಕಾರಣವಿರಬಹುದು. ಎರಡು ಹೊಲಗಳ ನಡುವಣ ಅಂತರಕ್ಕೆ ಮಾತ್ರ ಬೀಜ ಕಾರಣವೇ ಅಲ್ಲ. ಎರಡೂ ಒಂದೇ ಚೀಲದವು. ಅದಕ್ಕೆ ಕಾರಣ ನೀರು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದು ನಾವು ಮೇಷ್ಟ್ರುಗಳು ಸುಲಭವಾಗಿ ಹೇಳಿಬಿಡುತ್ತೇವೆ. ಮೊಳಕೆಯನ್ನು ನೋಡುವಾಗ ಅದರ ಕೆಳಗಿನ ಮಣ್ಣನ್ನೂ ಮುಟ್ಟಿ ನೋಡಬೇಕು.

ಮಂಡ್ಯದವರಿಗೆ ಇದು ಬರಿಯ ಉಪಮೆಯಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ 1931ರಲ್ಲಿ ಮುಗಿಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಇರ್ವಿನ್ ನಾಲೆ ಹುಲಿಕೆರೆಯ ಸುರಂಗದ ಮೂಲಕ ಮಂಡ್ಯದ ಕಡೆಗೆ ಹರಿಯಿತು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ ಬಂದು ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಸುಮಾರು ಎರಡು ವರ್ಷ ಅಧ್ಯಯನ ಮಾಡಿದರು. 'ವಂಗಲ', 'ದಾಲೇನ' ಎಂಬುವು ಆ ಹಳ್ಳಿಗಳಿಗೆ ಅವರು ಇಟ್ಟ ಮರೆಹೆಸರುಗಳು. ಎರಡರಲ್ಲೂ ಪ್ರಧಾನವಾಗಿದ್ದವರು ಒಕ್ಕಲಿಗರೇ. ವಂಗಲದ ಜಮೀನಿಗೆ ನಾಲೆಯ ನೀರು ಹರಿಯಿತು. ದಾಲೇನ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ವಂಗಲದವರು ಕಬ್ಬು ಬೆಳೆದು ಹಳೆಯ ಬದುಕನ್ನೇ ಗಟ್ಟಿಮಾಡಿಕೊಂಡರು. ದಾಲೇನದವರು ಪೇಟೆಯ ಕೆಲಸ, ವ್ಯಾಪಾರ, ಬೇರೆ ಊರಿನ ಜಮೀನು ಎಂದು ಹೊರಗೆ ಹೊರಟರು. ಅವರ ಸಮಾಜ ಬೇಗ ಬದಲಾಯಿತು. 1962ರಲ್ಲಿ ಪ್ರಕಟವಾದ ಆ ಗ್ರಂಥ ಮಕ್ಕಳ ಬುದ್ಧಿಯನ್ನು ಅಳೆದದ್ದಲ್ಲ. ಆದರೂ ನನಗೆ ಅದು ದೊಡ್ಡ ಪಾಠ. ಒಂದೇ ಕುಲ, ಒಂದೇ ಮಾತು, ಒಂದೇ ಮುದ್ದೆ. ನೆಲ ಕೆಲವು ಅಡಿ ಎತ್ತರವಿದ್ದುದರಿಂದ ಎರಡು ಬಗೆಯ ಜನರಾದರು. ಇನ್ನೊಂದು ಪಾಠವೂ ಅದರಲ್ಲಿದೆ: ಗದ್ದೆಗೆ ನೀರು ಬಂದ ಮಾತ್ರಕ್ಕೆ ಮನೆಗೆ ಅಕ್ಷರ ಬರುವುದಿಲ್ಲ. ನಾಲೆ ಹರಿದು ಎಂಬತ್ತು ವರ್ಷವಾದ ಮೇಲೆ, 2011ರ ಜನಗಣತಿಯಲ್ಲಿ, ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇಕಡಾ 70.40, ರಾಜ್ಯದ್ದು 75.36.

ಹೊರಗಿನ ಜಗತ್ತಿನಲ್ಲೂ ಇದೇ ಕಥೆ. ಅಮೆರಿಕದಲ್ಲಿ ಕಪ್ಪು ಜನರ ಅಂಕಗಳು ಕಡಿಮೆ ಬಂದಾಗ ಅದು ಹುಟ್ಟುಗುಣವೆಂದು ಹೇಳಿದವರಿದ್ದರು. ಆಟೊ ಕ್ಲೈನ್‌ಬರ್ಗ್ 1935ರಲ್ಲಿ ತೋರಿಸಿದರು: ದಕ್ಷಿಣದ ಹಿಂದುಳಿದ ರಾಜ್ಯಗಳಿಂದ ನ್ಯೂಯಾರ್ಕಿಗೆ ವಲಸೆ ಬಂದ ಕಪ್ಪು ಮಕ್ಕಳು ಅಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಅವರ ಅಂಕ ಏರುತ್ತ ಹೋಗಿತ್ತು. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1987ರಲ್ಲಿ ಹದಿನಾಲ್ಕು ದೇಶಗಳ ದಾಖಲೆ ತೆಗೆದು, ಪ್ರತಿ ತಲೆಮಾರಿನಲ್ಲೂ ಅಂಕಗಳು ಏರಿವೆಯೆಂದು ತೋರಿಸಿದರು. ಹಾಲೆಂಡಿನಲ್ಲಿ ಸೈನ್ಯಕ್ಕೆ ಕರೆಬಂದ ಯುವಕರ ಅಂಕಗಳು 1952ರಿಂದ 1982ರೊಳಗೆ ಸುಮಾರು 20ರಷ್ಟು ಏರಿದ್ದವು. ಮೂವತ್ತು ವರ್ಷದಲ್ಲಿ ಒಂದು ದೇಶದ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಊಟ, ಶಾಲೆ, ಆರೋಗ್ಯ, ಮನೆಯ ಮಾತುಕತೆ. ನನ್ನ ವಿದ್ಯಾರ್ಥಿಯನ್ನು ಕೊರೆಯುತ್ತಿದ್ದ 92 ಎಂಬ ಸಂಖ್ಯೆ ಸರಾಸರಿಗಿಂತ ಕೇವಲ 8 ಕಡಿಮೆ ಎಂಬುದನ್ನು ಇಲ್ಲಿ ನೆನೆಯಬೇಕು.

ಮಗುವಿಗೆ ಈ 'ನೀರು' ಯಾವಾಗ ಹರಿಯಬೇಕು? ಪ್ರೌಢಶಾಲೆಯ ಮೇಷ್ಟರಾಗಿದ್ದ ನನಗೆ ಈ ಉತ್ತರ ಕಹಿಯಾದದ್ದು. ನನ್ನ ಮುಂದೆ ಮಗು ಬಂದು ಕೂರುವ ಹೊತ್ತಿಗೆ ಅದರ ವಯಸ್ಸು ಹದಿಮೂರು. ಮಿದುಳು ತನ್ನ ಬೆಳವಣಿಗೆಯ ಬಹುಪಾಲನ್ನು ಆರು ವರ್ಷದೊಳಗೆ ಮುಗಿಸಿರುತ್ತದೆ. ತಾಯಿಯ ಗರ್ಭದಲ್ಲಿಯೇ ಆ ಕೆಲಸ ಆರಂಭವಾಗಿರುತ್ತದೆ. ಇದಕ್ಕೆ ಸಾಕ್ಷ್ಯ ಹುಡುಕಲು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದಿಂದ ಹತ್ತು ಮೈಲಿಯ ಆಸುಪಾಸಿನಲ್ಲಿರುವ ಮೈಸೂರಿನಲ್ಲಿ, ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಪಾರ್ಥೆನಾನ್ ಅಧ್ಯಯನವೆಂದು ಅದರ ಹೆಸರು. ಆ ಮಕ್ಕಳು 9–10 ವರ್ಷದವರಾದಾಗ ಐನೂರಕ್ಕೂ ಹೆಚ್ಚು ಮಂದಿಗೆ ಜ್ಞಾಪಕಶಕ್ತಿ, ತರ್ಕ, ಭಾಷೆಗಳ ಪರೀಕ್ಷೆ ನಡೆಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ತೂಕವೂ ತಲೆಯ ಸುತ್ತಳತೆಯೂ ಹೆಚ್ಚಾಗಿದ್ದ ಮಕ್ಕಳ ಅಂಕಗಳು ಹೆಚ್ಚಿನ ಕಡೆ ವಾಲಿದ್ದವು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದ ಮಕ್ಕಳೂ ಹಾಗೆಯೇ. ಸೊಪ್ಪು, ಕಾಳುಗಳಲ್ಲಿ ಇರುವುದು ಅದೇ. ಇದು ಜೊತೆಜೊತೆಗೆ ಕಂಡುಬಂದ ಸಂಬಂಧವೇ ಹೊರತು ಕಾರಣವನ್ನು ಪೂರ್ತಿಯಾಗಿ ಸಾಧಿಸಿದಂತಲ್ಲ ಎಂಬ ಎಚ್ಚರ ಇರಬೇಕು. ಆದರೂ, ಒಂಬತ್ತನೆಯ ತಿಂಗಳವರೆಗೂ ಕೂಲಿಗೆ ಹೋಗಿ, ಎಲ್ಲರೂ ಉಂಡ ಮೇಲೆ ಉಳಿದ ಸಾರಿನಲ್ಲಿ ಮುದ್ದೆ ನುಂಗಿದ ತಾಯಂದಿರನ್ನು ನಾನು ಬಲ್ಲೆ. ಅವರ ಮಕ್ಕಳು ನನ್ನ ಪಟ್ಟಿಯಲ್ಲಿ ಗೆರೆಯ ಯಾವ ಕಡೆ ಇದ್ದರೆಂದೂ ಬಲ್ಲೆ.

ಊಟದಷ್ಟೇ ದೊಡ್ಡದು ಮಾತು. ಜಮೈಕದ ಕಿಂಗ್‌ಸ್ಟನ್ ನಗರದಲ್ಲಿ 1986–87ರಲ್ಲಿ, ಪೋಷಣೆಯ ಕೊರತೆಯಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಕೂಸುಗಳನ್ನು ಆರಿಸಿ, ಕೆಲವರ ಮನೆಗೆ ಎರಡು ವರ್ಷ ಕಾಲ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಹೋದರು. ಅವರು ಮಾಡಿದ್ದಿಷ್ಟೇ: ಮನೆಯಲ್ಲಿ ಸಿಕ್ಕಿದ ಡಬ್ಬಿ, ಬಟ್ಟೆಚೂರುಗಳಿಂದ ಆಟಿಕೆ ಮಾಡಿ, ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕೆಂದು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ಮೇಲೆ ಆ ಮಕ್ಕಳ ಸಂಪಾದನೆ, ಹಾಗೆ ಭೇಟಿ ಪಡೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ 123 ಬಡ ಕಪ್ಪು ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಶಿಶುಶಾಲೆಗೆ ಸೇರಿಸಿದರು. ಅವರ ಬುದ್ಧಿಲಬ್ಧ ಮೊದಲು ಏರಿತು. ಹತ್ತು ವರ್ಷ ವಯಸ್ಸಾಗುವ ಹೊತ್ತಿಗೆ ಆ ಏರಿಕೆ ಕರಗಿಹೋಯಿತು. ವಿಫಲವಾಯಿತೆಂದುಕೊಂಡರು. ಆದರೆ ನಲವತ್ತನೆಯ ವಯಸ್ಸಿನಲ್ಲಿ ನೋಡಿದರೆ ಅವರು ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ. ಅಂಕ ಅಳೆಯಲಾರದ ಏನನ್ನೋ ಶಿಶುಶಾಲೆ ಕೊಟ್ಟಿತ್ತು.

ನಮ್ಮ ನಾಡಿನಲ್ಲಿ ಅಂಗನವಾಡಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು ಆರಿಸಿದ 33 ವಿಭಾಗಗಳಲ್ಲಿ ಕರ್ನಾಟಕದ್ದು ಟಿ. ನರಸೀಪುರ, ನಮ್ಮ ಮಳವಳ್ಳಿಯ ನೆರೆಯ ತಾಲ್ಲೂಕು. ಅಲ್ಲಿ ನೂರು ಅಂಗನವಾಡಿಗಳಿಂದ ಕೆಲಸ ಆರಂಭವಾಯಿತು. ನಾನೂ ಅಂಗನವಾಡಿಯನ್ನು ಬಹುಕಾಲ 'ಉಪ್ಪಿಟ್ಟು ಕೊಡುವ ಜಾಗ' ಎಂದಷ್ಟೇ ತಿಳಿದಿದ್ದೆ. ಇಂದು ಕೇಳಿದರೆ, ಒಂದು ಹಳ್ಳಿಯ ಶಾಲೆಗಳಲ್ಲೆಲ್ಲ ಮುಖ್ಯವಾದುದು ಅದೇ ಎನ್ನುತ್ತೇನೆ.

ಇಲ್ಲಿ ಒಂದು ತಪ್ಪನ್ನು ಮಾಡಬಾರದು. 'ಬಡವರ ಮನೆಯಲ್ಲಿ ಮಾತೇ ಇರುವುದಿಲ್ಲ' ಎಂದು ತೀರ್ಮಾನಿಸಿಬಿಡುವ ತಪ್ಪು. ಬಡ ಮನೆಯ ಮಕ್ಕಳು ನಾಲ್ಕು ವರ್ಷದೊಳಗೆ ಮೂರು ಕೋಟಿ ಪದಗಳಷ್ಟು ಕಡಿಮೆ ಕೇಳಿರುತ್ತಾರೆಂದು 1995ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಬರೆದದ್ದು ಜಗತ್ಪ್ರಸಿದ್ಧವಾಯಿತು. 2018ರಲ್ಲಿ ಬೇರೆಯವರು ಮತ್ತೆ ಪರೀಕ್ಷಿಸಿದಾಗ, ತಾಯಿಯ ಮಾತಲ್ಲದೆ ಮನೆಯ ಇತರರ ಮಾತನ್ನೂ ಮಗುವಿನ ಸುತ್ತ ನಡೆಯುವ ಮಾತುಕತೆಯನ್ನೂ ಎಣಿಸಿದರೆ ಆ ಭಾರಿ ಅಂತರ ನಿಲ್ಲುವುದಿಲ್ಲವೆಂದು ಕಂಡಿತು. ಜಗಲಿಯ ಮೇಲೆ ಅಜ್ಜಿಯ ಕಥೆ ಕೇಳಿ ಬೆಳೆದವರಿಗೆ ಇದು ಅಚ್ಚರಿಯಲ್ಲ. ನಮ್ಮ ಸೀಮೆಯಲ್ಲಿಯೇ ನೋಡಿ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, 1915ರಲ್ಲಿ. ಅದೇ ವರ್ಷ ನೆರೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಎಚ್.ಎಲ್. ನಾಗೇಗೌಡರು ಹುಟ್ಟಿದರು. ಒಬ್ಬರು ಕನ್ನಡಕ್ಕೆ ದಾಂಪತ್ಯದ ಕವಿಯಾದರು. ಇನ್ನೊಬ್ಬರು ಕಳೆ ಕೀಳುವ, ರಾಗಿ ಬೀಸುವ ಹೆಂಗಸರ ಬಾಯಲ್ಲಿದ್ದ ಪದಗಳನ್ನು ಸಂಗ್ರಹಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ನಾಗೇಗೌಡರು ಸಂಗ್ರಹಿಸಿದ ಸಾಹಿತ್ಯವನ್ನು ಹಾಡಿದವರು ಬಹುಪಾಲು ನಿರಕ್ಷರಸ್ಥರು. ಸಾವಿರ ಸಾಲು ನೆನಪಿಟ್ಟ ಆ ತಾಯಂದಿರನ್ನು ನನ್ನ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿದ್ದರೆ ಅವರೂ 'ಬಿ' ವಿಭಾಗಕ್ಕೇ ಬರುತ್ತಿದ್ದರು. ಅವರ ಮನೆಯಲ್ಲಿ ಮಾತಿಗೆ ಬಡತನವಿರಲಿಲ್ಲ. ಆ ಮಾತಿಗೂ ಶಾಲೆಯ ಮಾತಿಗೂ ನಡುವೆ ಸೇತುವೆಯಿರಲಿಲ್ಲ. ಆ ಸೇತುವೆ ಕಟ್ಟುವುದಕ್ಕೆಂದೇ ನನಗೆ ಸಂಬಳ ಕೊಡುತ್ತಿದ್ದರು.

ಕೊನೆಯದಾಗಿ ನನ್ನ ಗೆರೆಯ ವಿಷಯ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಒಂದು ಪ್ರಯೋಗ ನಡೆಸಿ 2004ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ 321, ಕೆಳಜಾತಿಯೆನಿಸಿದ 321 ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮಸಮವಾಗಿ ಬಿಡಿಸಿದವು. ಎಲ್ಲರ ಎದುರಿಗೆ ಹೆಸರಿನೊಡನೆ ಜಾತಿಯನ್ನೂ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಒಂದು ಪ್ರಯೋಗದಿಂದ ಎಲ್ಲವನ್ನೂ ತೀರ್ಮಾನಿಸಬಾರದು, ನಿಜ. ಆದರೆ ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಪ್ರತಿ ದಿನ ಬೆಳಿಗ್ಗೆ ಹಾಜರಿ ಕೂಗುವಾಗ 'ಎಂಟನೆಯ ಬಿ' ಎಂದು ಕೂಗುತ್ತಿದ್ದೆನಲ್ಲ!

ಆದ್ದರಿಂದ, ನನಗೆ ಕರೆ ಮಾಡಿದ ಪ್ರಿಯ ವಿದ್ಯಾರ್ಥಿಗೆ ನನ್ನ ಉತ್ತರ ಇದು. ನಿನ್ನ ಜನಕ್ಕೆ ಇಂತಿಷ್ಟೇ ಬುದ್ಧಿ ಎಂದು ಯಾವ ಪರೀಕ್ಷೆಯೂ ಸಾಧಿಸಿಲ್ಲ. ಗುಂಪುಗಳ ನಡುವೆ ಅಂತರ ಕಂಡಲ್ಲೆಲ್ಲ ಮೊದಲು ಹೊಲವನ್ನು ನೋಡಬೇಕು: ತಾಯಿ ಏನು ಉಂಡಳು, ಕೂಸಿನೊಡನೆ ಯಾರು ಆಡಿದರು, ಮನೆಯಲ್ಲಿ ಮೊದಲು ಶಾಲೆಗೆ ಹೋದವರು ಯಾರು ಎಂದು. ನಿನ್ನ ತಂದೆಗೆ ಸಹಿ ಹಾಕಲು ಬರುತ್ತಿರಲಿಲ್ಲ. ಪ್ರಗತಿಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ್ದನ್ನು ನಾನೇ ನೋಡಿದ್ದೇನೆ. ನೀನು ಇಂದು ಮಗನ ಅಂಕಪಟ್ಟಿಯನ್ನು ಓದಿ ನನ್ನೊಡನೆ ಚರ್ಚಿಸುತ್ತಿದ್ದೀಯೆ. ಒಂದು ತಲೆಮಾರಿನಲ್ಲಿ ನೀನು ನಡೆದ ದೂರವನ್ನು ಯಾವ ಬುದ್ಧಿಲಬ್ಧವೂ ಅಳೆಯುವುದಿಲ್ಲ. ಆ ಕಾಗದವನ್ನು ಬೀರುವಿನಲ್ಲಿಡು. ರಾತ್ರಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಕಥೆ ಹೇಳು, ಅವನು ಕೇಳುವ ಪ್ರಶ್ನೆಗೆ ಬೇಸರಿಸದೆ ಉತ್ತರಿಸು, ನಿನ್ನ ತಾಯಿಯನ್ನು ಕೆಲವು ತಿಂಗಳು ಕರೆಸಿಕೊಂಡು ಅವರ ಹಾಡು ಅವನ ಕಿವಿಗೆ ಬೀಳುವಂತೆ ಮಾಡು. ಅವನೆದುರಿಗೆ ಆ ಸಂಖ್ಯೆಯನ್ನು ಮಾತ್ರ ಎಂದೂ ಹೇಳಬೇಡ. ನಾನು ನಿನಗೆ ಮಾಡಿದ್ದನ್ನು ನೀನು ಅವನಿಗೆ ಮಾಡಬೇಡ.

ಆ ಗೆರೆಯ ಕೆಳಗೆ ಕುಳಿತಿದ್ದ ನಿಮ್ಮೆಲ್ಲರಲ್ಲಿ ಈ ಮುದುಕ ಮೇಷ್ಟ್ರು ಕ್ಷಮೆ ಕೇಳುತ್ತಿದ್ದಾನೆ. ಮೇಲಿದ್ದವರು ನಿಮಗೆ ಸಿಕ್ಕ ನೀರನ್ನು ನೆನೆಯಿರಿ. ಊರಿಗೆ ಹೋದಾಗ ಒಮ್ಮೆ ಅಂಗನವಾಡಿಯ ಒಳಗೆ ಇಣುಕಿ ನೋಡಿ. ಅಲ್ಲಿ ಒಂದು ಕಥೆಪುಸ್ತಕ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಂದನ್ನು ಕೊಟ್ಟು ಬನ್ನಿ.